ಸಾಕು ಎನ್ನುವ ಲೆಕ್ಕ ಮನೆಯಲ್ಲೇ ಆಗಬೇಕು

ಎಷ್ಟಿದ್ದರೆ ಸಾಕು ಎಂಬ ಪ್ರಶ್ನೆಯನ್ನು ನಾವು ಸಂಬಳ ಹೆಚ್ಚಾದ ಮೇಲೆ ನೋಡಿಕೊಳ್ಳೋಣ ಎಂದು ಮುಂದೂಡುತ್ತೇವೆ. ಸಂಬಳ ಹೆಚ್ಚಾಗುವ ಹೊತ್ತಿಗೆ ಬೇಕುಗಳೂ ಹೆಚ್ಚಾಗಿರುತ್ತವೆ. ಇದು ಒಂದು ಮನೆಯ ಕತೆಯಲ್ಲ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ 1930ರಲ್ಲಿ ಒಂದು ಪ್ರಬಂಧ ಬರೆದು, ನೂರು ವರ್ಷಗಳಲ್ಲಿ ಮುಂದುವರಿದ ದೇಶಗಳ ಜೀವನಮಟ್ಟ ನಾಲ್ಕರಿಂದ ಎಂಟು ಪಟ್ಟು ಏರುತ್ತದೆ, ಆಗ ವಾರಕ್ಕೆ 15 ಗಂಟೆ ದುಡಿದರೆ ಸಾಕಾಗುತ್ತದೆ ಎಂದು ಊಹಿಸಿದ್ದರು. ಸಂಪತ್ತು ಅವರು ಹೇಳಿದಂತೆಯೇ ಬೆಳೆಯಿತು, ದುಡಿಮೆಯ ಹೊರೆ ಮಾತ್ರ ಅಷ್ಟಾಗಿ ಇಳಿಯಲಿಲ್ಲ. ಇದರ ಕಾರಣದ ಸುಳಿವೂ ಅದೇ ಪ್ರಬಂಧದಲ್ಲಿದೆ. ಹಸಿವು, ಸೂರು, ಬಟ್ಟೆಯಂಥ ಬೇಕುಗಳು ಒಂದು ಹಂತದಲ್ಲಿ ತೀರುತ್ತವೆ, ಪಕ್ಕದವರಿಗಿಂತ ಒಂದು ಕೈ ಮೇಲಿರಬೇಕೆಂಬ ಬಯಕೆಗೆ ಕೊನೆ ಇಲ್ಲದಿರಬಹುದು ಎಂದು ಅವರೇ ಒಪ್ಪಿದ್ದರು.

ಮೂಲ ಬೇಕುಗಳು ತೀರುತ್ತಾ ಬಂದು ಬಯಕೆಗಳು ಮುಂದೆ ಬರುವ ತಿರುವಿನಲ್ಲಿ ನಮ್ಮ ದೇಶ ಈಗ ಇದೆ. ಕೇಂದ್ರ ಸರ್ಕಾರದ ಕುಟುಂಬ ವೆಚ್ಚ ಸಮೀಕ್ಷೆಗಳ ಪ್ರಕಾರ 1999-2000ರಲ್ಲಿ ಹಳ್ಳಿಯ ಮನೆಯೊಂದು ನೂರು ರೂಪಾಯಿ ಖರ್ಚಿನಲ್ಲಿ ಸುಮಾರು 59 ರೂಪಾಯಿಯನ್ನು ಊಟಕ್ಕೇ ಹಾಕುತ್ತಿತ್ತು, 2022-23ರಲ್ಲಿ ಅದು ಸುಮಾರು 46 ರೂಪಾಯಿಗೆ ಇಳಿದಿತ್ತು. ನಗರಗಳಲ್ಲಿ 48ರಿಂದ 39ಕ್ಕೆ ಬಂದಿತ್ತು. ಇದು ಸಂತೋಷಪಡಬೇಕಾದ ಸಂಗತಿಯೇ. ಹೊಟ್ಟೆ ತುಂಬಿದ ಮೇಲೆ ಓದು, ಔಷಧ, ಓಡಾಟಕ್ಕೆ ದುಡ್ಡು ಉಳಿಯಬೇಕು. ಆದರೆ ಅದೇ 2022-23ರಲ್ಲಿ ಮನೆಗಳ ನಿವ್ವಳ ಹಣಕಾಸು ಉಳಿತಾಯ ಜಿಡಿಪಿಯ ಸುಮಾರು ಶೇ. 5ಕ್ಕೆ ಕುಸಿದು ದಶಕಗಳಲ್ಲೇ ಕನಿಷ್ಠ ಮಟ್ಟ ಮುಟ್ಟಿತು. ಈ ಉಳಿತಾಯದಿಂದ ಕಳೆದ ಸಾಲದಲ್ಲಿ ಮನೆ, ವಾಹನಕ್ಕೆ ಮಾಡಿದ್ದೂ ಸೇರಿದೆ, ಎಲ್ಲವನ್ನೂ ದುಂದು ಎನ್ನಲಾಗದು. ಹಾಗಿದ್ದರೂ ಆಧಾರವಿಲ್ಲದ ಗ್ರಾಹಕ ಸಾಲ ಬೆಳೆದ ವೇಗ ಕಂಡು ರಿಸರ್ವ್ ಬ್ಯಾಂಕ್ 2023ರ ನವೆಂಬರ್‌ನಲ್ಲಿ ಅಂಥ ಸಾಲದ ನಿಯಮಗಳನ್ನು ಬಿಗಿ ಮಾಡಬೇಕಾಯಿತು.

ಸಾಲ ಇಷ್ಟು ಸಲೀಸಾಗಿ ಒಳಗೆ ಬರುವುದು ಬೆಲೆ ಕಣ್ಣಿಗೆ ಬೀಳದಂತೆ ಮಾಡಿರುವುದರಿಂದ. 60,000 ರೂಪಾಯಿಯ ಫೋನನ್ನು ‘ನೋ ಕಾಸ್ಟ್ ಇಎಂಐ’ನಲ್ಲಿ ಕೊಂಡವರು ತಿಂಗಳಿಗೆ 5,000ದಂತೆ 12 ಕಂತು ಕಟ್ಟುತ್ತಾರೆ, ಬಡ್ಡಿಯೇ ಇಲ್ಲ ಎಂದುಕೊಳ್ಳುತ್ತಾರೆ. ವಾಸ್ತವದಲ್ಲಿ ಬ್ಯಾಂಕು ಶೇ. 15ರ ಬಡ್ಡಿ ಹಾಕಿದ್ದರೆ ಆ ಕಂತುಗಳಲ್ಲಿ ಸುಮಾರು 4,600 ರೂಪಾಯಿ ಬಡ್ಡಿಯೇ. ಮಾರುವವರು ಅಷ್ಟನ್ನು ಮೊದಲೇ ರಿಯಾಯಿತಿ ಎಂದು ಕಳೆದಿರುತ್ತಾರೆ. ಕ್ರೆಡಿಟ್ ಕಾರ್ಡಿನಲ್ಲಾದರೆ ಆ ಬಡ್ಡಿಯ ಮೇಲೆ ಶೇ. 18ರ ಜಿಎಸ್‌ಟಿ, ಅಂದರೆ 800 ರೂಪಾಯಿಗೂ ಹೆಚ್ಚು, ಕೊಂಡವರ ತಲೆಗೇ ಬರುತ್ತದೆ. ಸಂಸ್ಕರಣಾ ಶುಲ್ಕವಿದ್ದರೆ ಅದು ಬೇರೆ. ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. ದುಡ್ಡಿಗಿಂತ ದೊಡ್ಡ ನಷ್ಟ ಇನ್ನೊಂದಿದೆ: ‘ಇದು ನಮಗೆ ಬೇಕೇ’ ಎಂದು ಕೇಳುವ ಜಾಗದಲ್ಲಿ ‘ತಿಂಗಳಿಗೆ ಐದು ಸಾವಿರ ಆಗುತ್ತದೆಯೇ’ ಎಂಬ ಪ್ರಶ್ನೆ ಬಂದು ಕೂರುತ್ತದೆ.

ಹೆಚ್ಚು ದುಡ್ಡಿದ್ದರೆ ಹೆಚ್ಚು ಸುಖ ಎಂಬುದು ಸುಳ್ಳೇ ಎಂದು ಕೇಳುವವರಿದ್ದಾರೆ. ಸುಳ್ಳಲ್ಲ. ಅಮೆರಿಕದಲ್ಲಿ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವರಮಾನ ಏರಿದಂತೆ ನೆಮ್ಮದಿಯೂ ಏರುತ್ತಲೇ ಹೋಗಿತ್ತು. ಆದರೆ ಅಲ್ಲಿ ಲೆಕ್ಕಕ್ಕೆ ಬರುವುದು ವರಮಾನ ಎಷ್ಟು ಪಟ್ಟಾಯಿತು ಎಂಬುದು. ಆ ಲೆಕ್ಕದಲ್ಲಿ 20,000 ಸಂಬಳ 40,000 ಆದಾಗ ಸಿಗುವಷ್ಟೇ ನೆಮ್ಮದಿ ಮತ್ತೊಮ್ಮೆ ಬೇಕೆಂದರೆ, ಎರಡು ಲಕ್ಷದವರಿಗೆ ನಾಲ್ಕು ಲಕ್ಷ ಬೇಕು. ಮೇಲೇರಿದಂತೆ ಅಷ್ಟೇ ಸುಖಕ್ಕೆ ತೆರಬೇಕಾದ ದುಡಿಮೆ, ನಿದ್ದೆ, ಸಮಯ ಬೆಳೆಯುತ್ತವೆ. ಇಲ್ಲದವರಿಗೆ ಮಿತಿಯ ಪಾಠ ಹೇಳಬಾರದು ಎಂಬುದೂ ಇದೇ ಲೆಕ್ಕದಿಂದ ಸ್ಪಷ್ಟ. ಅವರಿಗೆ ಇನ್ನಷ್ಟು ಬೇಕು, ಸಿಗಲೇಬೇಕು. ಕೊಳ್ಳುವುದು ನಿಂತರೆ ಉದ್ಯೋಗ ಹೋಗುತ್ತದೆ ಎಂಬ ಮಾತು ಸುಖದ ಪ್ರಶ್ನೆಗಿಂತ ಗಟ್ಟಿಯಾದ ಆಕ್ಷೇಪ. ಆದರೆ ಮನೆಗಳು ಕೈಬಿಡಬೇಕಾದದ್ದು ಖರ್ಚನ್ನೇ ಅಲ್ಲ. ವರ್ಷಕ್ಕೊಂದು ಫೋನಿನ ಬದಲು ರಿಪೇರಿ, ಟ್ಯೂಷನ್, ದಾದಿ, ನಾಟಕದ ಟಿಕೆಟ್ಟಿಗೆ ಹೋದ ದುಡ್ಡೂ ಯಾರದೋ ಕೂಲಿಯೇ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಂಡತಿ ಲಕ್ಕಮ್ಮ ಅದನ್ನು ಇದ್ದಲ್ಲಿಗೇ ಸುರಿದು ಬರುವಂತೆ ಹೇಳಿದ ಕತೆ ನಮಗೆಲ್ಲ ಗೊತ್ತು. ಅದನ್ನು ಬಡತನದ ಹೊಗಳಿಕೆ ಎಂದು ಓದುವುದು ತಪ್ಪು. ಆ ಮನೆಯಲ್ಲಿ ದಾಸೋಹ ನಡೆಯುತ್ತಿತ್ತು, ದಿನದ ಅಳತೆ ಇಷ್ಟೆಂದು ತೀರ್ಮಾನವಾಗಿತ್ತು. ಹೆಚ್ಚು ಎಂದು ಲಕ್ಕಮ್ಮ ಗುರುತಿಸಲು ಸಾಧ್ಯವಾದದ್ದು ಆ ಅಳತೆ ಅಕ್ಕಿ ಬರುವ ಮೊದಲೇ ಇದ್ದುದರಿಂದ. ನಮ್ಮ ಮನೆಗಳಲ್ಲಿಲ್ಲದ್ದು ಅದೇ. ಹಾಗಾಗಿ ಮುಂದಿನ ಸಂಬಳ ಏರಿಕೆಗೆ ಮೊದಲೇ ಮನೆಯವರೆಲ್ಲ, ಮಕ್ಕಳೂ ಸೇರಿ, ಕೂತು ತಿಂಗಳಿಗೆ ನಿಜಕ್ಕೂ ಎಷ್ಟು ಬೇಕೆಂದು ಬರೆದಿಡಿ. ಏರಿದ ದುಡ್ಡು ಎಲ್ಲಿಗೆ ಹೋಗಬೇಕೆಂಬುದನ್ನೂ ಅದೇ ಹಾಳೆಯಲ್ಲಿ ಬರೆಯಿರಿ.