ಪಂಜಾಬಿನ ಹಾಡೂ ಕೋವಿಯೂ

ಗಾಯಕನೊಬ್ಬನ ಕೃತಿಯನ್ನು ಅಳೆಯುವುದಕ್ಕೆ ಈ ಕಾಲದಲ್ಲಿ ಎರಡೇ ಮಾನಗಳು ಉಳಿದಂತೆ ತೋರುತ್ತದೆ. ಎಷ್ಟು ಮಂದಿ ಕೇಳಿದರೆಂಬುದು ಒಂದು. ಎಷ್ಟು ಮೊಕದ್ದಮೆಗಳು ಹೂಡಲ್ಪಟ್ಟವೆಂಬುದು ಇನ್ನೊಂದು. ಪಂಜಾಬಿ ಗಾಯಕ ಸಿದ್ಧು ಮೂಸೇವಾಲಾ ಅವರು 2021ರಲ್ಲಿ ಹೊರತಂದ ‘ಮೂಸ್‌ಟೇಪ್’ ಎಂಬ ಆಲ್ಬಮ್ಮಿನ ಗತಿಯನ್ನು ನೋಡಿದಾಗ ನಮಗೆ ಹೀಗೆನಿಸಿತು.

1993ರಲ್ಲಿ ಮಾನಸಾ ಜಿಲ್ಲೆಯ ಮೂಸಾ ಗ್ರಾಮದಲ್ಲಿ ಜನಿಸಿದ ಈ ತರುಣರು ಲೂಧಿಯಾನಾದಲ್ಲಿ ಇಂಜಿನಿಯರಿಂಗ್ ವ್ಯಾಸಂಗ ಮಾಡಿ, ಪಂಜಾಬಿನ ಅನೇಕ ರೈತಪುತ್ರರಂತೆ ಕೆನಡಾಕ್ಕೆ ಹೋದರು. ಕೀರ್ತಿಯು ಕೈಗೂಡಿದ ಮೇಲೆ ಪರದೇಶದಲ್ಲಿ ನೆಲಸದೆ ಹುಟ್ಟೂರಿಗೆ ಮರಳಿದರು. ಊರಿನ ಹೆಸರನ್ನೇ ತಮ್ಮ ಹೆಸರಿಗೂ ಆಲ್ಬಮ್ಮಿಗೂ ಇಟ್ಟುಕೊಂಡರು.

ಮೂವತ್ತಕ್ಕೆ ಮೇಲ್ಪಟ್ಟ ಹಾಡುಗಳುಳ್ಳ ಈ ಕೃತಿಯು ಒಮ್ಮೆಗೇ ಹೊರಬೀಳದೆ, ಮೇ ತಿಂಗಳಿನಿಂದ ಜುಲೈವರೆಗೆ ಒಂದೊಂದೇ ಹಾಡಾಗಿ ಪ್ರಕಟವಾಯಿತು. ಇಂಗ್ಲೆಂಡಿನ ಸ್ಟೆಫ್ಲಾನ್ ಡಾನ್, ಟಿಯಾನ್ ವೇನ್ ಮುಂತಾದ ಗಾಯಕರು ಇದರಲ್ಲಿ ದನಿಗೂಡಿಸಿದರು. ಆದರೆ ಮೂಸೇವಾಲಾ ಅವರು ಹಾಡಿದ್ದು ತಮ್ಮ ಹಳ್ಳಿಯ ಪಂಜಾಬಿಯಲ್ಲಿಯೇ. ಸ್ಪಾಟಿಫೈ ಎಂಬ ಸಂಗೀತ ಜಾಲದಲ್ಲಿ ನೂರು ಕೋಟಿ ಸಲ ಕೇಳಲ್ಪಟ್ಟ ಮೊದಲ ಭಾರತೀಯ ಆಲ್ಬಮ್ಮು ಇದೆಂದು 2023ರಲ್ಲಿ ವರದಿಯಾಯಿತು. ದೇಶಭಾಷೆಯ ಹಾಡು ತನ್ನ ನುಡಿಯನ್ನು ಬಿಡದೆಯೇ ಲೋಕವನ್ನು ಸುತ್ತಬಲ್ಲುದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಹೊಗಳಿಕೆಯನ್ನು ಇಲ್ಲಿಗೇ ನಿಲ್ಲಿಸುವುದು ನ್ಯಾಯವಲ್ಲ. ಇವರ ಎಷ್ಟೋ ಹಾಡುಗಳಲ್ಲಿ ಕೋವಿಯು ಆಭರಣದಂತೆ ಮೆರೆಯುತ್ತದೆ; ಹಗೆತನವು ಪೌರುಷವೆಂಬಂತೆ ವರ್ಣಿತವಾಗಿದೆ. ತರುಣರ ಕಿವಿಗೆ ಇದು ಹಿತವಾದ ಆಹಾರವೆಂದು ನಾವು ಹೇಳಲಾರೆವು. ಮದ್ಯವನ್ನೂ ಹಿಂಸೆಯನ್ನೂ ಕೊಂಡಾಡುವ ಹಾಡುಗಳು ಎಲ್ಲಿಯೂ ನುಡಿಸಲ್ಪಡದಂತೆ ನೋಡಿಕೊಳ್ಳಬೇಕೆಂದು ಪಂಜಾಬ್ ಮತ್ತು ಹರಿಯಾಣಾ ಹೈಕೋರ್ಟು 2019ರಲ್ಲಿಯೇ ಪೊಲೀಸರಿಗೆ ಆಜ್ಞಾಪಿಸಿತ್ತು. 2020ರಲ್ಲಿ ಮೂಸೇವಾಲಾ ಅವರ ಮೇಲೆ ಮೊಕದ್ದಮೆಗಳೂ ದಾಖಲಾದವು.

ಆದರೆ ಇದೇ ಆಲ್ಬಮ್ಮಿನಲ್ಲಿ ‘295’ ಎಂಬ ಹಾಡೂ ಇದೆ. ಆಗ ಜಾರಿಯಲ್ಲಿದ್ದ ಭಾರತ ದಂಡಸಂಹಿತೆಯಲ್ಲಿ ಧರ್ಮನಿಂದೆಗೆ ಸಂಬಂಧಿಸಿದ ಕಲಮಿನ ಸಂಖ್ಯೆ ಅದು. ಧರ್ಮದ ಹೆಸರಿನಲ್ಲಿ ವಾದ ಹೂಡಿ ಬಾಯಿ ಮುಚ್ಚಿಸುವವರನ್ನು ಕುರಿತ ದೂರು ಅದರ ವಸ್ತು. ಇಲ್ಲಿ ಕೋವಿಯ ಜಂಬವಿಲ್ಲ. ನೊಂದ ಪ್ರಜೆಯ ಮಾತಿದೆ. ಆ ಕಲಮು ಪಂಜಾಬಿಗೆ ಮಾತ್ರ ಸೇರಿದ್ದಾಗಿರಲಿಲ್ಲವಾದುದರಿಂದ ಆ ಮಾತು ನಮ್ಮೆಲ್ಲರದೂ ಹೌದು. ಒಂದೇ ಕಂಠದಿಂದ ಬಂದ ಈ ಎರಡು ದನಿಗಳನ್ನು ಬೇರ್ಪಡಿಸಿ ಕೇಳುವ ತಾಳ್ಮೆಯು ಅಭಿಮಾನಿಗಳಿಗೂ ಇರಲಿಲ್ಲ, ಅಧಿಕಾರಿಗಳಿಗೂ ಇರಲಿಲ್ಲ.

2022ರ ಮೇ 29ರಂದು ಹುಟ್ಟೂರಿನ ಸಮೀಪದ ಜವಾಹರ್ಕೆ ಗ್ರಾಮದಲ್ಲಿ ಅವರು ಗುಂಡೇಟಿಗೆ ಬಲಿಯಾದರು. ಆಗ ಅವರಿಗೆ 28 ವರ್ಷ. ಹಿಂದಿನ ದಿನವಷ್ಟೇ ಸರಕಾರವು ಅವರ ಅಂಗರಕ್ಷಕರ ಸಂಖ್ಯೆಯನ್ನು ಇಳಿಸಿತ್ತು. ಹಾಡಿದಂತೆಯೇ ಆಯಿತೆಂದು ಕೆಲವರು ನುಡಿದರು. ಮೃತನ ತಾಯಿತಂದೆಗಳ ಮುಂದೆ ಆಡತಕ್ಕ ಮಾತಲ್ಲ ಅದು.

ಅದೇ ವರ್ಷ ನವೆಂಬರಿನಲ್ಲಿ ಪಂಜಾಬ್ ಸರಕಾರವು ಶಸ್ತ್ರಗಳನ್ನು ಹೊಗಳುವ ಹಾಡುಗಳನ್ನು ನಿಷೇಧಿಸಿ, ಶಸ್ತ್ರ ಪರವಾನಿಗೆಗಳನ್ನು ಮೂರು ತಿಂಗಳಲ್ಲಿ ಪುನಃ ಪರಿಶೀಲಿಸಬೇಕೆಂದು ಆಜ್ಞೆ ಹೊರಡಿಸಿತು. ಈ ಆಜ್ಞೆಯ ಎರಡನೆಯ ಭಾಗವೇ ಮೊದಲು ಬರಬೇಕಾಗಿತ್ತೆಂಬುದು ನಮ್ಮ ಮತ. ಪರವಾನಿಗೆಯ ಕಾಗದಕ್ಕೆ ರುಜು ಹಾಕುವವನು ಗಾಯಕನಲ್ಲ, ಸರಕಾರಿ ಅಧಿಕಾರಿ. ಕಳ್ಳ ಕೋವಿಯನ್ನು ಹಿಡಿಯಬೇಕಾದವರೂ ಸರಕಾರದ ನೌಕರರೇ. ಕೋವಿಯನ್ನು ಊರಲ್ಲಿ ಉಳಿಸಿ ಹಾಡನ್ನು ಮಾತ್ರ ಗಡೀಪಾರು ಮಾಡಿದರೆ ರೋಗವನ್ನು ಬಿಟ್ಟು ನರಳಾಟವನ್ನು ನಿಲ್ಲಿಸಿದಂತಾದೀತು.

ಕೆಟ್ಟ ಹಾಡಿಗೆ ಮದ್ದು ಒಳ್ಳೆಯ ಕಿವಿ. ಇದು ಚೆನ್ನ, ಇದು ಹೊಲಸು ಎಂದು ಮುಖದ ಮೇಲೆ ಹೇಳಬಲ್ಲ ರಸಿಕರು ಊರೂರಿಗೆ ನಾಲ್ವರಿದ್ದರೆ ಪೊಲೀಸರಿಗೆ ಸಂಗೀತ ಪರೀಕ್ಷೆಯ ಕೆಲಸವಿರದು. ಆ ನಾಲ್ವರು ಈ ಗಾಯಕರಿಗೆ ಸಕಾಲದಲ್ಲಿ ದೊರೆಯಲಿಲ್ಲವೆಂಬುದೇ ನಮ್ಮ ವಿಷಾದ.