ಕಸುಬಿಗೂ ಒಂದು ಯಮ ನಿಯಮ

ಚನ್ನಪಟ್ಟಣದ ಗೊಂಬೆಗೆ ಬಣ್ಣ ಹಚ್ಚಲು ಕುಂಚ ಬೇಡ. ಲೇತಿನಲ್ಲಿ ಗಿರ‍್ರನೆ ತಿರುಗುವ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಸಾಕು; ಉಜ್ಜುವ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ತಾಳೆಗರಿಯಿಂದ ತೀಡಿದರೆ ಕನ್ನಡಿಯಂಥ ಹೊಳಪು. ಅಷ್ಟು ಹೊತ್ತೂ ಕಸುಬುದಾರನ ಕಣ್ಣು, ಕೈ, ಮನಸ್ಸು ಒಂದೇ ಕಡೆ ನೆಟ್ಟಿರಬೇಕು.

ಯೋಗವೆಂದರೆ ಆಸನವಷ್ಟೇ ಎಂದುಕೊಂಡವರು ಈ ಕೆಲಸವನ್ನೊಮ್ಮೆ ನೋಡಬೇಕು. ಪತಂಜಲಿ ಹೇಳಿದ ಎಂಟು ಅಂಗಗಳಲ್ಲಿ ಆಸನದ್ದು ಮೂರನೆಯ ಸ್ಥಾನ. ಮೊದಲಿಗೆ ಬರುವುದು ಯಮ. ಅದರಲ್ಲಿ ಅಹಿಂಸೆಯೂ ಇದೆ, ಬೇಕಾದ್ದಕ್ಕಿಂತ ಹೆಚ್ಚು ಕೂಡಿಡದ ಅಪರಿಗ್ರಹವೂ ಇದೆ. ಕನಕಪುರ ರಸ್ತೆಯ ಆಶ್ರಮಗಳಿಗೆ ಯೋಗ ಕಲಿಯಲು ದೇಶ ವಿದೇಶಗಳಿಂದ ಜನ ಬರುತ್ತಾರೆ. ಅದೇ ಸೀಮೆಯ ಹಳೆಯ ಕಸುಬುಗಳಲ್ಲೂ ಈ ಸಂಯಮ ಬೆರೆತಿದೆ.

ಗೊಂಬೆಗೆ ಬೇಕಾದ ಹಾಲೆ ಮರವನ್ನು ಕಡಿದರೆ ಬೊಡ್ಡೆಯಿಂದ ಮತ್ತೆ ಚಿಗುರುತ್ತದೆ. ಅರಗು ಮುತ್ತುಗ, ಬೋರೆಯಂಥ ಮರಗಳ ಮೇಲೆ ಬದುಕುವ ಪುಟ್ಟ ಕೀಟದ ಸ್ರಾವ. ಹಳದಿಗೆ ಅರಿಸಿನ, ನೀಲಿಗೆ ನೀಲಿ ಗಿಡ. ಇಂಥ ಬಣ್ಣದ ಗೊಂಬೆಯನ್ನು ಮಗು ಬಾಯಿಗಿಟ್ಟುಕೊಂಡರೂ ತಾಯಿ ಗಾಬರಿಪಡಬೇಕಿಲ್ಲ.

ರಾಮನಗರದ ರೇಷ್ಮೆ ಬೆಳೆಗಾರರದು ಇನ್ನೊಂದು ಬಗೆಯ ಎಚ್ಚರ. ಹಿಪ್ಪುನೇರಳೆ ಸೊಪ್ಪಿಗೆ ಕೀಟನಾಶಕ ಸೋಕಿದರೆ ಹುಳು ಉಳಿಯುವುದಿಲ್ಲ. ಹಾಗಾಗಿ ಪಕ್ಕದ ಹೊಲದಲ್ಲಿ ಯಾರು ಏನು ಸಿಂಪಡಿಸುತ್ತಾರೆಂಬುದರ ಮೇಲೂ ಕಣ್ಣಿಟ್ಟಿರಬೇಕು. ನಾಲ್ಕು ಜ್ವರ, ಅಂದರೆ ಪೊರೆ ಕಳಚುವ ಹಂತ, ದಾಟಿ ಹಣ್ಣಾದ ಹುಳು ಗೂಡು ಕಟ್ಟಲು ಚಂದ್ರಿಕೆ ಏರುವ ಹೊತ್ತಿಗೆ ಸುಮಾರು 25 ದಿನ. ಹಿಕ್ಕೆ, ತಿಂದುಳಿದ ಕಡ್ಡಿ ಎಲ್ಲವೂ ಗೊಬ್ಬರವಾಗಿ ತೋಟಕ್ಕೇ ಮರಳುತ್ತವೆ. ಆದರೆ ನೂಲು ಬಿಚ್ಚಲು ಗೂಡನ್ನು ಬೇಯಿಸಿದಾಗ ಒಳಗಿನ ಜೀವ ಸಾಯುತ್ತದೆ. ಅಹಿಂಸೆಯ ಮಾತಾಡುವಾಗ ಇದನ್ನು ಮುಚ್ಚಿಡುವುದು ಸರಿಯಲ್ಲ.

ಇದೇ ಸಂಯಮ ಕಸುಬಿನಾಚೆಗೂ ಕಾಣುತ್ತದೆ. ಮಾಗಡಿ ತಾಲ್ಲೂಕಿನ ಹುಲಿಕಲ್‌ನ ಸಾಲುಮರದ ತಿಮ್ಮಕ್ಕ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಕೂಲಿ ಮಾಡಿ ಬದುಕುತ್ತಿದ್ದ ಅವರು ಪತಿ ಚಿಕ್ಕಯ್ಯನವರ ಜೊತೆ ಹುಲಿಕಲ್–ಕುದೂರು ರಸ್ತೆಯ ಬದಿಯಲ್ಲಿ ಆಲದ ಸಸಿ ನೆಟ್ಟರು. ಮೊದಲ ವರ್ಷ 10, ಮರುವರ್ಷ 15, ಅದರ ಮುಂದಿನ ವರ್ಷ 20. ಮಳೆಗಾಲ ನೋಡಿಕೊಂಡು ನೆಡುವುದು, ದನ ಮೇಯದಂತೆ ಮುಳ್ಳು ಕಟ್ಟುವುದು, ಬೇಸಿಗೆಯಲ್ಲಿ ಬಿಂದಿಗೆ ಹೊತ್ತು ನೀರುಣಿಸುವುದು: ಬೇಸಾಯದ ಈ ತಿಳಿವಳಿಕೆಯೇ ಅವರ ಬಂಡವಾಳ. ಹೀಗೆ ಬೆಳೆದ ಆಲದ ಮರಗಳು 385. 2019ರಲ್ಲಿ ಪದ್ಮಶ್ರೀ ಬಂತು; 2025ರ ನವೆಂಬರ್‌ನಲ್ಲಿ ತಿಮ್ಮಕ್ಕ ತೀರಿಕೊಂಡರು.

ಗೊಂಬೆ, ರೇಷ್ಮೆಯಂಥ ಕಸುಬುಗಳು ಉಳಿಯಬೇಕಾದರೆ ಅವುಗಳ ಗಿಡಮರಗಳೂ ಉಳಿಯಬೇಕು. ಚನ್ನಪಟ್ಟಣದಲ್ಲಿ ಈಗ ರಬ್ಬರ್ ಮರ, ರಾಸಾಯನಿಕ ಬಣ್ಣಗಳೂ ಬಳಕೆಗೆ ಬಂದಿವೆ. ರೈತರು ಬದುಗಳಲ್ಲಿ ಹಾಲೆ ಬೆಳೆಸಿದರೆ, ಕೊಳ್ಳುವವರು ಯಾವ ಮರ, ಯಾವ ಬಣ್ಣ ಎಂದು ಅಂಗಡಿಯಲ್ಲಿ ವಿಚಾರಿಸಿ ಅರಗಿನ ಗೊಂಬೆಗೆ ಅದರ ಬೆಲೆ ಕೊಟ್ಟರೆ, ಲೇತಿನ ಮುಂದೆ ಕೂರುವ ಹುಡುಗ ಹುಡುಗಿಯರಿಗೆ ಈ ಕೆಲಸದಲ್ಲೇ ಅನ್ನ ದುಡಿಯಲು ದಾರಿಯಾಗುತ್ತದೆ.