ಜಿಮ್ ಥಾರ್ಪ್: ಕಿರಿಯ ಶಾಲೆಯ ಹಿರಿಯ ಆಟಗಾರ

ಆಟದ ಹಿರಿಮೆಗೆ ಶಾಲೆಯ ದೊಡ್ಡಸ್ತಿಕೆ ಬೇಕಿಲ್ಲವೆಂಬುದಕ್ಕೆ ಅಮೆರಿಕದ ಜಿಮ್ ಥಾರ್ಪನ ಜೀವನವೇ ಸಾಕ್ಷಿ. ಸ್ಯಾಕ್ ಮತ್ತು ಫಾಕ್ಸ್ ಎಂಬ ಆದಿವಾಸಿ ಜನಾಂಗದ ಈತನು ಪೆನ್ಸಿಲ್ವೇನಿಯದ ಕಾರ್ಲೈಲ್ ಶಾಲೆಯಲ್ಲಿ ಓದಿದನು. ಮಕ್ಕಳು ತಾಯ್ನುಡಿಯನ್ನಾಡುವುದನ್ನು ಆ ಶಾಲೆ ನಿಷೇಧಿಸಿತ್ತು. ಆಟದ ಬಯಲು ಮಾತ್ರ ತೆರೆದಿತ್ತು. 1911ರಲ್ಲಿ ಅವನ ತಂಡವು ಅಮೆರಿಕನ್ ಫುಟ್‌ಬಾಲಿನಲ್ಲಿ ಹೆಸರಾಂತ ಹಾರ್ವರ್ಡ್ ವಿಶ್ವವಿದ್ಯಾನಿಲಯವನ್ನು 18-15ರಿಂದ ಸೋಲಿಸಿತು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ ಕೂಟದಲ್ಲಿ ಓಟ, ಜಿಗಿತ, ಎಸೆತಗಳು ಕೂಡಿದ ಪೆಂಟಾಥ್ಲಾನ್ ಮತ್ತು ಡೆಕಾಥ್ಲಾನ್ ಎರಡರಲ್ಲಿಯೂ ಚಿನ್ನದ ಪದಕ ಅವನದಾಯಿತು.

ಹಣಕ್ಕಾಗಿ ಆಡಿದವರಿಗೆ ಒಲಿಂಪಿಕ್ಕಿನಲ್ಲಿ ಎಡೆಯಿಲ್ಲವೆಂಬುದು ಅಂದಿನ ನಿಯಮ. 1909, 1910ರ ಬೇಸಿಗೆಗಳಲ್ಲಿ ಅಲ್ಪ ಸಂಬಳಕ್ಕೆ ಬೇಸ್‌ಬಾಲ್ ಆಡಿದ್ದನೆಂದು 1913ರಲ್ಲಿ ಅವನ ಪದಕಗಳನ್ನು ಕಿತ್ತುಕೊಂಡರು. ಆಕ್ಷೇಪಣೆಗಿದ್ದ 30 ದಿನಗಳ ಗಡುವು ಆಗಲೇ ಮೀರಿತ್ತು. ಥಾರ್ಪನು 1953ರಲ್ಲಿ ತೀರಿಕೊಂಡನು. 1982ರಲ್ಲಿ ಅವನನ್ನು ಸಹವಿಜೇತನೆಂದೂ 2022ರಲ್ಲಿ ಏಕೈಕ ವಿಜೇತನೆಂದೂ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯು ಮನ್ನಿಸಿತು. ನ್ಯಾಯ ಬಂದಿತು, ಕಾಣಲು ಅವನಿರಲಿಲ್ಲ.

ನಮ್ಮ ಶಾಲೆಗಳೂ ಚಿಕ್ಕವು. ಆದರೆ ಇಲ್ಲಿಯ ಪಾಠ ನಮ್ಮದೇ ನುಡಿಯಲ್ಲಿ. ಥಾರ್ಪನಿಗೆ ದೊರೆಯದ ಈ ಭಾಗ್ಯವನ್ನು ಕಾಪಾಡಿಕೊಂಡು, ಸಂಜೆ ಒಂದಿಷ್ಟು ಹೊತ್ತು ಮಕ್ಕಳನ್ನು ಬಯಲಿಗೂ ಕಳುಹಿಸಬೇಕೆಂದು ಪಾಲಕರನ್ನು ನಾವು ಬೇಡಿಕೊಳ್ಳುತ್ತೇವೆ.